‘ಲ ಕೊರ್ಬೋ’: ಒಂದು ಚಲಚ್ಚಿತ್ರ ಮತ್ತು ಅದರ ಕಾಲ

ಚಲಚ್ಚಿತ್ರವನ್ನು ಚರಿತ್ರೆಯ ಆಕರಗಳ ಸಾಲಿನಲ್ಲಿ ಇರಿಸಲು ನಮ್ಮಲ್ಲಿ ಅನೇಕ ವಿದ್ವಾಂಸರಿಗೆ ಇನ್ನೂ ಸಂಕೋಚವುಂಟು. ಶಾಸನ, ಕಡತ, ಪತ್ರವ್ಯವಹಾರಗಳಿಗೆ ಸಲ್ಲುವ ಗೌರವ ಅದಕ್ಕೆ ಸಲ್ಲದೆಂದು ಅವರ ಭಾವನೆ. ಫ್ರೆಂಚ್ ನಿರ್ದೇಶಕ ಆನ್ರಿ-ಜಾರ್ಜ್ ಕ್ಲೂಜೋನ ‘ಲ ಕೊರ್ಬೋ’, ಎಂದರೆ ‘ಕಾಗೆ’, ಎಂಬ ಚಿತ್ರವನ್ನು ನೋಡಿದವರು ಈ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾದೀತು. ಮನಸ್ಸಿನ ಭೀತಿಯನ್ನು ಕುರಿತ ರೋಮಾಂಚಕ ಕಥೆಯಾಗಿ ಅದರ ಹಿರಿಮೆಯನ್ನು ವಿಮರ್ಶಕರು ಒಪ್ಪಿರುತ್ತಾರೆ. ಅದು ಯಾವ ಕಾಲಕ್ಕೆ ಸಾಕ್ಷಿ ಎಂಬುದೇ ನಮ್ಮ ಪ್ರಶ್ನೆ.

ಚಿತ್ರ ತೆರೆಕಂಡದ್ದು ೧೯೪೩ರ ಸೆಪ್ಟೆಂಬರಿನಲ್ಲಿ, ಪ್ಯಾರಿಸ್ ಜರ್ಮನ್ ಸೇನೆಯ ವಶದಲ್ಲಿದ್ದಾಗ. ಅದನ್ನು ನಿರ್ಮಿಸಿದ ‘ಕಾಂಟಿನೆಂಟಲ್’ ಸಂಸ್ಥೆ ಜರ್ಮನರದು. ಕಥೆ ಇಷ್ಟು: ಸಣ್ಣ ಪಟ್ಟಣವೊಂದರ ವೈದ್ಯ ಜೆರ್ಮ್ಯಾನನಿಗೆ ‘ಕಾಗೆ’ ಎಂಬ ಅಂಕಿತವುಳ್ಳ ಅನಾಮಧೇಯ ಪತ್ರಗಳು ಬರತೊಡಗುತ್ತವೆ. ಅವನು ಗರ್ಭಪಾತ ಮಾಡುವವನು, ಮನೋವೈದ್ಯ ವೋರ್ಜೆಯ ಪತ್ನಿಯೊಡನೆ ಸಂಬಂಧವುಳ್ಳವನು ಎಂಬುದು ಆರೋಪ. ಬರಬರುತ್ತ ಊರಿನವರಿಗೆಲ್ಲ ಪತ್ರಗಳು ಬರುತ್ತವೆ. ತನ್ನದು ವಾಸಿಯಾಗದ ಕ್ಯಾನ್ಸರೆಂದು ಹೀಗೆ ತಿಳಿದ ರೋಗಿಯೊಬ್ಬನು ಕ್ಷೌರದ ಕತ್ತಿಯಿಂದ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ.

ಈ ವಸ್ತು ಯುದ್ಧಕಾಲದ್ದಲ್ಲ. ೧೯೧೭ರಿಂದ ೧೯೨೨ರವರೆಗೆ ತ್ಯೂಲ್ ಎಂಬ ಊರನ್ನು ಕಾಡಿದ ಅನಾಮಧೇಯ ಪತ್ರಗಳ ಪ್ರಕರಣವೇ ಅದರ ಮೂಲ. ಲೂಯಿ ಶಾವಾಂಸನು ಚಿತ್ರಕಥೆಯನ್ನು ಬರೆದದ್ದು ೧೯೩೭ರಷ್ಟು ಹಿಂದೆ. ಆದುದರಿಂದ ಲೇಖಕನ ಉದ್ದೇಶವನ್ನು ಮಾತ್ರ ನೋಡುವುದಾದರೆ ಜರ್ಮನ್ ಆಕ್ರಮಣಕ್ಕೂ ಚಿತ್ರಕ್ಕೂ ಸಂಬಂಧವೇ ಇಲ್ಲವೆನ್ನಬೇಕಾಗುತ್ತದೆ. ಆದರೆ ಪ್ರೇಕ್ಷಕನು ೧೯೪೩ರವನು. ನೆರೆಯವರ ಮೇಲೆ ಹೆಸರಿಲ್ಲದ ದೂರುಗಳನ್ನು ಬರೆದು ಜರ್ಮನರ ಕಚೇರಿಗಳಿಗೂ ವಿಶೀ ಸರ್ಕಾರದ ಅಧಿಕಾರಿಗಳಿಗೂ ಕಳುಹಿಸುತ್ತಿದ್ದ ಕಾಲವದು. ೧೯೪೨ರ ಫೆಬ್ರವರಿಯ ಕಾನೂನು ಗರ್ಭಪಾತವನ್ನು ರಾಷ್ಟ್ರದ್ರೋಹಕ್ಕೆ ಸಮಾನವಾದ ಅಪರಾಧವೆಂದು ಸಾರಿತ್ತು. ಆ ಅಪರಾಧಕ್ಕಾಗಿ ಮಾರಿ-ಲೂಯಿಸ್ ಜಿರೋ ಎಂಬಾಕೆಯ ಶಿರಚ್ಛೇದ ನಡೆದದ್ದು ೧೯೪೩ರ ಜುಲೈ ೩೦ರಂದು. ಚಿತ್ರ ಬಿಡುಗಡೆಯಾದದ್ದು ಅದಾದ ಎರಡು ತಿಂಗಳಿಗೆ. ಈ ತಾರೀಖನ್ನು ಮರೆತು ಜೆರ್ಮ್ಯಾನನ ಮೇಲಿನ ಆರೋಪದ ಭಾರವನ್ನು ಅಳೆಯಲಾಗದು.

ಚಿತ್ರದ ಹೃದಯವಿರುವುದು ಶಾಲಾಕೊಠಡಿಯ ದೃಶ್ಯದಲ್ಲಿ. ಸಂಶಯಕ್ಕೆ ಒಳಗಾದವರನ್ನೆಲ್ಲ ಮಕ್ಕಳಂತೆ ಬೆಂಚಿನ ಮೇಲೆ ಕೂರಿಸಿ, ಕಾಗೆಯ ಪತ್ರಗಳನ್ನೇ ಉಕ್ತಲೇಖನವಾಗಿ ಬರೆಸಲಾಗುತ್ತದೆ. ಅನಂತರ ವೋರ್ಜೆಯು ತೂಗುದೀಪವನ್ನು ಕೈಯಿಂದ ತಳ್ಳಿ, ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಮೊದಲಾಯಿತು ಎಂದು ಜೆರ್ಮ್ಯಾನನನ್ನು ಕೇಳುತ್ತಾನೆ. ದೀಪವನ್ನು ತಡೆಯಹೋದ ಜೆರ್ಮ್ಯಾನನ ಕೈ ಸುಡುತ್ತದೆ. ಈ ತತ್ತ್ವಬೋಧೆ ಮಾಡಿದವನೇ ಕೊನೆಗೆ ಅಪರಾಧಿಯಾಗಿ ತೋರುವುದರಿಂದ, ಅದನ್ನು ನಿರ್ದೇಶಕನ ಸ್ವಂತ ಮತವೆಂದು ಹೇಳಿಬಿಡುವುದು ಆತುರವೆಂದು ನಮಗೆ ತೋರುತ್ತದೆ. ದಾದಿ ಮಾರಿ ಕೋರ್ಬ್ಯಾನಳು ಬರಿದಾದ ಬೀದಿಗಳಲ್ಲಿ ಓಡುವ ದೃಶ್ಯವೂ ಗಮನಾರ್ಹ. ಅಲ್ಲಿ ಜನಸಮೂಹ ಕಾಣುವುದಿಲ್ಲ. ಅದರ ಕೂಗು ಮಾತ್ರ ಕೇಳುತ್ತದೆ.

ಬದ್ಧವೈರಿಗಳಾದ ಪಕ್ಷಗಳೆರಡೂ ಈ ಚಿತ್ರವನ್ನು ದೂರಿದುವು. ವಿಶೀ ಪಕ್ಷಪಾತಿಗಳಿಗೂ ಕ್ಯಾಥೊಲಿಕ್ ನೀತಿಪರೀಕ್ಷಕರಿಗೂ ಅದು ಅನೀತಿಯಾಗಿ ಕಂಡಿತು. ಪ್ರತಿರೋಧ ಚಳವಳಿಯ ಗುಪ್ತಪತ್ರಿಕೆ ಅದನ್ನು ಫ್ರೆಂಚ್ ಜನರ ಅವಹೇಳನವೆಂದಿತು. ಬಿಡುಗಡೆಯ ಬಳಿಕ ಚಿತ್ರಕ್ಕೆ ನಿಷೇಧ ಬಂದಿತು. ನಾಯಕ ಪಿಯೆರ್ ಫ್ರೆನೆ, ನಟಿ ಜಿನೆತ್ ಲಕ್ಲೇರ್ ಸೆರೆಮನೆ ಕಂಡರು. ಕ್ಲೂಜೋನಿಗೆ ಚಿತ್ರೋದ್ಯಮವೇ ಮುಚ್ಚಿತು. ಅವನು ಸಂಪೂರ್ಣ ನಿರ್ದೋಷಿಯೆಂದು ವಾದಿಸುವವರ ಜೊತೆಗೂ ನಾವಿಲ್ಲ. ಕಾಂಟಿನೆಂಟಲ್ ಸಂಸ್ಥೆಯ ಚಿತ್ರಕಥಾ ವಿಭಾಗದ ಮುಖ್ಯಸ್ಥನಾಗಿ ಅವನು ದುಡಿದದ್ದು ಸತ್ಯ. ಆದರೆ ವ್ಯಕ್ತಿಯ ಮೇಲಿನ ಈ ಆಪಾದನೆಯನ್ನು ಕೃತಿಯ ಅರ್ಥದ ಮೇಲೆ ಹೇರಿದ್ದು ನ್ಯಾಯವಲ್ಲ. ಹೆಸರಿಲ್ಲದ ದೂರುಗಳ ಹೇಯತೆಯನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರ ಆಕ್ರಮಣಕಾರರಿಗೆ ಹೇಗೆ ನೆರವಾಯಿತೆಂಬುದನ್ನು ದೂರಿದವರು ವಿವರಿಸಲಿಲ್ಲ. ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿದ ಮೇಲೆ ಕ್ಲೂಜೋ ೧೯೪೭ರಲ್ಲಿ ‘ಕೇ ದೆಜೋರ್ಫೇವ್ರ್’ ಎಂಬ ಚಿತ್ರದೊಡನೆ ಹಿಂದಿರುಗಿದನು. ಅದೇ ವರ್ಷ ‘ಲ ಕೊರ್ಬೋ’ ಮೇಲಿನ ನಿಷೇಧವೂ ತೆರವಾಯಿತು.