ಕುದುರೆಗಾಗಿ ಇಬ್ಬರು ಅರಸರು

ಸಾಳುವ ನರಸಿಂಹನು ಕಡಲಿನಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು ಎಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಇದನ್ನು ದೊರೆಯ ಔದಾರ್ಯವೆಂದು ಕೊಂಡಾಡುವವರುಂಟು. ನನಗೆ ಇದರಲ್ಲಿ ಕೊಳ್ಳುವವನ ಇಕ್ಕಟ್ಟು ಕಾಣುತ್ತದೆ. ಅರಬ್ಬೀ ಕುದುರೆ ನಮ್ಮ ಹವೆಯಲ್ಲಿ ಬಹುಕಾಲ ಬಾಳುತ್ತಿರಲಿಲ್ಲ. ವರ್ಷವರ್ಷವೂ ಹೊರ್ಮುಜಿನ ಕಡೆಯಿಂದ ಹಡಗಿನಲ್ಲಿ ಬರಬೇಕಾಗಿತ್ತು.

ಆದರೂ ಅಂದು ಭಟ್ಕಳ, ಹೊನ್ನಾವರ, ಗೋವೆ ಎಂದು ರೇವುಗಳು ಹಲವಿದ್ದುವು. ಒಂದೆಡೆ ಬೆಲೆ ಏರಿದರೆ ಇನ್ನೊಂದೆಡೆ ವಿಚಾರಿಸಬಹುದಾಗಿತ್ತು. 1510ರ ನವೆಂಬರಿನಲ್ಲಿ ಆಲ್ಬುಕರ್ಕನು ಬಿಜಾಪುರದವರಿಂದ ಗೋವೆಯನ್ನು ಎರಡನೆಯ ಸಲ ಗೆದ್ದ ಬಳಿಕ, ಕುದುರೆಯ ಹಡಗುಗಳು ಅಲ್ಲಿಗೇ ಬರಬೇಕೆಂದು ಕಟ್ಟುಮಾಡಿದನು. ಗೋವೆಯ ಮೇಲೆ ಏರಿಹೋಗಲು ಅವನನ್ನು ಹುರಿದುಂಬಿಸಿದವನು ಹೊನ್ನಾವರದ ತಿಮ್ಮಯ್ಯ. ಆ ಕಟ್ಟಿನ ಪೆಟ್ಟು ಬಿದ್ದದ್ದು ಹೊನ್ನಾವರದಂಥ ರೇವುಗಳಿಗೇ!

ಚೌಕಾಶಿಯನ್ನು ಗಣಿತದಿಂದ ಅಳೆಯುವ ‘ಗೇಮ್ ಥಿಯರಿ’ಯ ವಿದ್ವಾಂಸರು ಹೇಳುವ ಒಂದು ಸಣ್ಣ ಲೆಕ್ಕವನ್ನು ಕೇಳುಗರು ಗಮನಿಸಬೇಕು. ಮೂವರು ಸಾಲಾಗಿ ನಿಂತಿದ್ದಾರೆ. ತುದಿಯ ಇಬ್ಬರೂ ನಡುವಿನವನೊಡನೆ ಮಾತ್ರ ವ್ಯವಹರಿಸಬಲ್ಲರು. ಅವನು ಒಂದು ಸಲಕ್ಕೆ ಒಬ್ಬನೊಡನೆ ಮಾತ್ರ ಒಪ್ಪಂದ ಮಾಡಬಹುದು. ಆಗ ತುದಿಯವರು ಒಬ್ಬರ ಮೇಲೊಬ್ಬರು ಬಿಟ್ಟುಕೊಡುತ್ತಾ ಹೋಗುತ್ತಾರೆ. ಲಾಭದ ಬಹುಪಾಲು ನಡುವಿನವನಿಗೆ ಸೇರುತ್ತದೆ. ಅವನು ಬಡವನಾಗಿರಲಿ, ಬಲ್ಲಿದನಾಗಿರಲಿ, ನಿಂತ ಜಾಗವೇ ಅವನ ಬಂಡವಾಳ.

ವಿಜಯನಗರದ ಸಂಪತ್ತಿನ ಮುಂದೆ ಗೋವೆ ಎಷ್ಟರದು? ಆದರೆ ವಿಜಯನಗರ, ಬಿಜಾಪುರಗಳ ನಡುವೆ ಅದು ನಿಂತಿತ್ತು. ವೈರಿಗಳಿಬ್ಬರೂ ಕೂಡಿ ಬೆಲೆ ಗೊತ್ತುಮಾಡುವ ಮಾತೇ ಇರಲಿಲ್ಲ. ಅಷ್ಟೇ ಅಲ್ಲ, ತಾನು ಕೊಳ್ಳದೆ ಬಿಟ್ಟ ಕುದುರೆ ನಾಳೆ ವೈರಿಯ ಸವಾರನನ್ನು ಹೊತ್ತು ತನ್ನ ಮೇಲೆಯೇ ಬರುತ್ತದೆ. 1514ರಲ್ಲಿ ಕೃಷ್ಣದೇವರಾಯನು ಸಾವಿರ ಕುದುರೆಗಳನ್ನು ತನಗೊಬ್ಬನಿಗೇ ಮಾರಬೇಕೆಂದು ಹಣವೊಡ್ಡಿದಾಗ ಆಲ್ಬುಕರ್ಕನು ಒಪ್ಪಲಿಲ್ಲ. ಏಕೆ ಒಪ್ಪಿಯಾನು? 1547ರಲ್ಲಿ ಗೋವೆಯವರು ವಿಜಯನಗರಕ್ಕೆ ಅಂಥ ಮಾತು ಕೊಟ್ಟರು. ಪ್ರತಿಯಾಗಿ ಅಲ್ಲಿಯ ವರ್ತಕರ ಸರಕು ಅಂಕೋಲಾ, ಹೊನ್ನಾವರಗಳಲ್ಲಿ ತಮಗೇ ದೊರೆಯುವಂತೆ ಮಾಡಿಕೊಂಡರು. ಮರುವರ್ಷವೇ ಬಿಜಾಪುರದೊಡನೆಯೂ ಸಂಧಿಯಾಯಿತು.

1565ರಲ್ಲಿ ರಕ್ಕಸ-ತಂಗಡಿಯ ಯುದ್ಧ ನಡೆಯಿತು. ಪೆನುಕೊಂಡೆಗೆ ಸರಿದ ಅರಸರಿಗೆ ಹಿಂದಿನಂತೆ ಕೊಳ್ಳುವ ಶಕ್ತಿ ಉಳಿಯಲಿಲ್ಲ. ಗೋವೆಯ ಕೋಟೆ ಕದಲಿರಲಿಲ್ಲ, ಹಡಗುಗಳೂ ಇದ್ದುವು. ಪೈಪೋಟಿಗೆ ನಿಲ್ಲುತ್ತಿದ್ದ ಇಬ್ಬರಲ್ಲಿ ಒಬ್ಬನಿರಲಿಲ್ಲ. ಸುಂಕದ ಆದಾಯ ಕುಸಿಯಿತೆಂದೂ, ಅಂದಿನಿಂದ ಗೋವೆಯವರ ಬದುಕಿನ ಸೊಗಸು ಇಳಿಯತೊಡಗಿತೆಂದೂ ಪೋರ್ಚುಗೀಸರ ಚರಿತ್ರಕಾರ ದಿಯೊಗೊ ದೊ ಕೌತೊ ಬರೆದಿಟ್ಟಿದ್ದಾನೆ.