ದೊಡ್ಡವ್ವನ ರಿಜಿಸ್ಟರ್

ಇಲ್ಲಿ ಬರೆಯದೆ ಎರಡು ತಿಂಗಳಾಯ್ತು. ಆಫೀಸಿನ ಡೆಡ್‌ಲೈನ್, ಜೊತೆಗೆ ನನ್ನ ಎಂದಿನ ಸೋಮಾರಿತನ :-) ಕಳೆದ ವಾರ ರಜೆ ಹಾಕಿ ಬಸವಕಲ್ಯಾಣಕ್ಕೆ ಹೋಗಿದ್ದೆ. ದೊಡ್ಡವ್ವ ಇರೋದು ಅಲ್ಲೇ. ಬಸವಕಲ್ಯಾಣ, ಹುಮನಾಬಾದ್ ನಡುವಿನ ಹಳ್ಳಿಗಳಲ್ಲಿ ಎಎನ್‌ಎಂ ಆಗಿ ದುಡಿದು ನಿವೃತ್ತರಾದವರು. ಊಟವಾದ ಮೇಲೆ ಸುಮ್ಮನೆ ಕೇಳಿದೆ, "ದೊಡ್ಡವ್ವ, ಫ್ಯಾಮಿಲಿ ಪ್ಲಾನಿಂಗ್ ಅಂದ್ರ ಆವಾಗ ಜನ ಏನಂತಿದ್ರು?"

"ಏನಂತಾರಪಾ, ಬಾಗಿಲಾ ಹಾಕ್ಕೊಂತಿದ್ರು" ಅಂತ ನಕ್ಕರು.

ಆ ನಗುವಿನ ಹಿಂದಿರುವ ಚರಿತ್ರೆಯನ್ನು ಸ್ವಲ್ಪ ನೋಡೋಣ. 1930ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಸರ್ಕಾರವೇ ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಮೊದಲು ಅಂತ ಹೇಳ್ತಾರೆ. ಹೆಮ್ಮೆಯ ವಿಷಯವೇ. ಆದರೆ ನಮ್ಮ ಬೀದರ್ ಕಡೆಯವರು ಆಗ ನಿಜಾಮನ ಪ್ರಜೆಗಳು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಮ್ಮ ಹಳ್ಳಿಗಳಿಗೆ ಈ ಯೋಜನೆ ಬಂದದ್ದು ಅರಮನೆಯ ಆದೇಶದಿಂದಲ್ಲ, ನರ್ಸಬಾಯಿಯ ಕಾಲ್ನಡಿಗೆಯಲ್ಲಿ.

1946ರಲ್ಲಿ ಭೋರ್ ಸಮಿತಿ ಹಳ್ಳಿಗಾಡಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಅಂದಿತ್ತು. 1952ರಲ್ಲಿ ಆ ಕೇಂದ್ರಗಳೂ ಶುರುವಾದವು, ರಾಷ್ಟ್ರೀಯ ಕುಟುಂಬ ಯೋಜನೆಯೂ ಶುರುವಾಯಿತು. 1965ರಲ್ಲಿ ಲೂಪ್ ಬಂತು. ನಮ್ಮಲ್ಲಿ ಅದಕ್ಕೆ 'ವಂಕಿ' ಅಂತ ಹೆಸರು. ಹಾಕಿಸಿಕೊಂಡವರಲ್ಲಿ ಕೆಲವರಿಗೆ ವಿಪರೀತ ರಕ್ತಸ್ರಾವ. ಆಮೇಲೆ ಬಂದು 'ಹೆಂಗಿದ್ದೀಯವ್ವ' ಅಂತ ಕೇಳುವವರು ಎಲ್ಲ ಕಡೆ ಇರಲಿಲ್ಲ. ದೇಶದ ತುಂಬ ಗಾಳಿಸುದ್ದಿ ಹಬ್ಬಿ ವಂಕಿ ಮೂಲೆಗೆ ಬಿತ್ತು.

1966ರಿಂದ ಬಂದದ್ದು ಟಾರ್ಗೆಟ್. ತಿಂಗಳಿಗೆ ಇಷ್ಟು 'ಕೇಸು' ಅಂತ ಲೆಕ್ಕ. ತುರ್ತುಪರಿಸ್ಥಿತಿಯಲ್ಲಿ ಅದು ವಿಪರೀತಕ್ಕೆ ಹೋಯಿತು. 1976-77ರ ಒಂದೇ ವರ್ಷ ದೇಶದಲ್ಲಿ ಸುಮಾರು 82 ಲಕ್ಷ ಆಪರೇಷನ್! ಅದರಲ್ಲಿ ಹೆಚ್ಚಿನವು ಗಂಡಸರದು. ಮರುವರ್ಷ ಒಟ್ಟು ಸಂಖ್ಯೆ 10 ಲಕ್ಷಕ್ಕಿಂತ ಕೆಳಗೆ ಕುಸಿಯಿತು. ನಂಬಿಕೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಈ ಎರಡು ಅಂಕಿ ಸಾಕು.

ದೊಡ್ಡವ್ವ ಆಗ ಕೆಲಸಕ್ಕೆ ಸೇರಿ ಎರಡು ವರ್ಷ. "ಕೇಸು ತರಲಿಲ್ಲಂದ್ರ ಪಗಾರ ಇಲ್ಲ ಅಂದಿದ್ರು" ಅಂದರು. ಯಾರು ಅಂದಿದ್ದು ಅಂತ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ತಾವೇ ಹೇಳಿದರು. "ಒಬ್ಬಾಕಿನ್ನ ಒಪ್ಪಿಸಿ ಕರಕೊಂಡು ಹೋದೆ. ಒಂದು ಗಂಡು, ಒಂದು ಹೆಣ್ಣು ಇದ್ವು. ಮುಂದಿನ ಮಳಿಗಾಲದಾಗ ಆ ಗಂಡುಕೂಸು ವಾಂತಿಭೇದಿ ಆಗಿ ಹೋತು. ಆಕಿ ನನಗ ಒಂದು ಮಾತೂ ಅನ್ನಲಿಲ್ಲ. ಆದರ ಆ ಮನಿ ಮುಂದ ಹಾಯ್ದು ಹೋಗ್ಲಿಕ್ಕ ನನ್ನ ಕೈಲಿ ಆಗ್ತಿದ್ದಿಲ್ಲ."

ಆಮೇಲೆ ಅವರು ಕ್ರಮ ಬದಲಿಸಿದರಂತೆ. ಮೊದಲು ಹೆರಿಗೆ, ಓಆರ್‌ಎಸ್ ಪುಡಿ, ಮಕ್ಕಳ ಚುಚ್ಚುಮದ್ದು. 'ಇದ್ದ ಮಕ್ಕಳು ಉಳೀತಾವ' ಅಂತ ತಾಯಿಗೆ ಧೈರ್ಯ ಬಂದ ಮೇಲೆಯೇ ಮಾಲಾ-ಡಿ, ಕಾಪರ್-ಟಿ, ಆಪರೇಷನ್ನಿನ ಮಾತು. ನಾನು ಆಮೇಲೆ ಓದಿದಾಗ ಗೊತ್ತಾಯ್ತು, ದೊಡ್ಡ ದೊಡ್ಡವರು ಹೇಳಿದ್ದೂ ಅದನ್ನೇ. ಒಂದೊಂದು ರೋಗಕ್ಕೆ ಒಬ್ಬೊಬ್ಬ ನೌಕರ ಬೇಡ, ಎಲ್ಲ ಸೇವೆಯೂ ಒಬ್ಬಳೇ ಕಾರ್ಯಕರ್ತೆಯ ಕೈಯಲ್ಲಿರಲಿ ಅಂತ ಕರ್ತಾರ್ ಸಿಂಗ್ ಸಮಿತಿ 1973ರಲ್ಲೇ ಹೇಳಿತ್ತು. 1978ರ ಅಲ್ಮಾ ಆಟಾ ಘೋಷಣೆ ಕುಟುಂಬ ಯೋಜನೆಯನ್ನು ಸೇರಿಸಿದ್ದು ತಾಯಿ-ಮಕ್ಕಳ ಆರೈಕೆಯ ಒಳಗೇ. ಸರ್ಕಾರ ಟಾರ್ಗೆಟ್ ಪದ್ಧತಿ ಕೈಬಿಟ್ಟಿದ್ದು ಮಾತ್ರ 1996ರಲ್ಲಿ. ಅಂದರೆ ನಾನು ಹುಟ್ಟುವ ಹೊತ್ತಿಗೆ!

ಈಗ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳು 1.7 ಅನ್ನುತ್ತೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಗೆದ್ದೆವು ಅನ್ನಬಹುದು. ಆದರೆ ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೆಚ್ಚಿಕೊಂಡಿರುವುದು ತಮ್ಮದೇ ಆಪರೇಷನ್ನನ್ನು. ಗಂಡಸರ ಆಪರೇಷನ್ ಹೆಚ್ಚುಕಡಿಮೆ ಸೊನ್ನೆ. 1977ರಲ್ಲಿ ಹೆದರಿದ ಗಂಡಸರು ಇನ್ನೂ ವಾಪಸ್ ಬಂದಿಲ್ಲ!

ಇದನ್ನು ಹೇಳಿದಾಗ ದೊಡ್ಡವ್ವನಿಗೆ ಆಶ್ಚರ್ಯವೇ ಆಗಲಿಲ್ಲ. "ರಿಜಿಸ್ಟರಿನ ಹೆಸರು 'ಅರ್ಹ ದಂಪತಿ'. ಆದರ ನಾ ಹೋದಾಗ ಮನ್ಯಾಗ ಇರೋರು ಹೆಂಗಸರೇ ಅಲಾ" ಅಂದರು.

ನಿಮ್ಮೂರಿನ ನರ್ಸಮ್ಮನ ನೆನಪು ನಿಮಗಿದೆಯಾ? ಅಮ್ಮನನ್ನೋ ಅಜ್ಜಿಯನ್ನೋ ಒಮ್ಮೆ ಕೇಳಿ ನೋಡಿ, ಕೇಳಿದ್ದನ್ನು ಇಲ್ಲಿ ಬರೆಯಿರಿ. ಸಮಿತಿಗಳ ವರದಿ ಎಲ್ಲಾದರೂ ಸಿಗುತ್ತೆ, ಇವರ ಮಾತು ಸಿಗೋದಿಲ್ಲ...