ನೋವಿಗೆ ಮಾತ್ರ ಜೋಮು

ಕತಗಾಲದ ನಮ್ಮತ್ತೆ ಮಂಡಿ ಬದಲಿಸುವ ಆಪರೇಷನ್ನನ್ನು ಎಂಟು ವರ್ಷ ಮುಂದೂಡಿದ್ದು ದುಡ್ಡಿಗಲ್ಲ, ನೋವಿನ ಹೆದರಿಕೆಗೆ. ಕೊನೆಗೂ ಆಪರೇಷನ್ ಆದ ಸಂಜೆ ನಾನು ಅಳುಕುತ್ತಲೇ ವಾರ್ಡಿಗೆ ಹೋದೆ. ಅತ್ತೆ ಆರಾಮಾಗಿ ಚಾ ಕುಡಿಯುತ್ತಿದ್ದರು. "ನೋವೇ ಇಲ್ಲೆ ತಮಾ. ಬೇರೆಯವ್ರ ಕಾಲು ತಂದು ಜೋಡ್ಸಿದಾಂಗೆ ಆಗ್ತು!" ಮರುದಿನ ಬೆಳಿಗ್ಗೆ ವಾಕರ್ ಹಿಡಿದು ಬಾತ್‌ರೂಮಿನ ತನಕ ನಡೆದೂಬಿಟ್ಟರು.

ತೊಡೆಯ ಒಳಬದಿಗೆ ಕೊಟ್ಟ ಒಂದು ಇಂಜೆಕ್ಷನ್ನಿನ ಕೆಲಸ ಇದು. ನರ್ವ್ ಬ್ಲಾಕ್ ಅಂತಾರೆ. ನರದ ಸುತ್ತ ಔಷಧಿ ಬಿಟ್ಟು, ನೋವಿನ ಸುದ್ದಿಯನ್ನು ದಾರಿಯಲ್ಲೇ ತಡೆಯುವುದು. ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ಕುಮಟಾ-ಶಿರಸಿ ರಸ್ತೆ ಬಂದ್ ಆಗ್ತದಲ್ಲ, ಹಾಗೆ. ಆದರೆ ಹೊಳೆ ಬಂದರೆ ಬಸ್ಸು, ಬೈಕು ಎಲ್ಲವೂ ನಿಲ್ಲುತ್ತವೆ. ನೋವನ್ನು ಮಾತ್ರ ನಿಲ್ಲಿಸಿ ನಡಿಗೆಯನ್ನು ಬಿಟ್ಟುಕೊಡುವ ವಿದ್ಯೆ ಕಲಿಯಲು ವೈದ್ಯರಿಗೆ ಹೆಚ್ಚುಕಡಿಮೆ 130 ವರ್ಷ ಬೇಕಾಯಿತು.

ಶುರುವಾಗಿದ್ದು ಕೊಕೇನಿನಿಂದ. ಕಣ್ಣಿಗೆ ಕೊಕೇನ್ ಹನಿ ಹಾಕಿದರೆ ಕತ್ತರಿ ಆಡಿಸಿದರೂ ನೋಯುವುದಿಲ್ಲ ಎಂದು 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಂಡುಕೊಂಡ. ಕೆಲವೇ ತಿಂಗಳಲ್ಲಿ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಅದನ್ನು ನರದ ಬಳಿಗೇ ಚುಚ್ಚತೊಡಗಿದ. ಪ್ರಯೋಗಕ್ಕೆ ತನ್ನ ಮೈಯನ್ನೇ ಒಡ್ಡಿದ. ಚಟ ಹತ್ತಿತು, ಕೊಕೇನ್ ಬಿಡಿಸಲು ಹೋಗಿ ಮಾರ್ಫಿನ್ ಅಂಟಿಕೊಂಡಿತು.

ನನಗೆ ಇಷ್ಟವಾದ ಕತೆ ಮಾತ್ರ ಜರ್ಮನಿಯ ಕೀಲ್ ಊರಿನದು. 1898ರ ಆಗಸ್ಟಿನಲ್ಲಿ ಆಗಸ್ಟ್ ಬಿಯರ್ ತನ್ನ ಸಹಾಯಕ ಹಿಲ್ಡೆಬ್ರಾಂಟನ ಬೆನ್ನಿಗೆ ಕೊಕೇನ್ ಕೊಟ್ಟ. ಕಾಲು ಸತ್ತಿದೆಯೋ ಇಲ್ಲವೋ ನೋಡಬೇಕಲ್ಲ? ಉರಿಯುವ ಸಿಗಾರ್ ತಾಗಿಸಿದ. ಕಬ್ಬಿಣದ ಸುತ್ತಿಗೆಯಿಂದ ಮೊಣಕಾಲಿನ ಕೆಳಗಿನ ಮೂಳೆಗೆ ಬಾರಿಸಿದ. ಹಿಲ್ಡೆಬ್ರಾಂಟನಿಗೆ ಏನೂ ಆಗಲಿಲ್ಲ. ಖುಷಿಯಲ್ಲಿ ಇಬ್ಬರೂ ವೈನ್ ಕುಡಿದು ಸಿಗಾರ್ ಸೇದಿದರು. ಔಷಧಿ ಇಳಿದ ಮೇಲೆ ಗೊತ್ತಾಯಿತು: ಹಿಲ್ಡೆಬ್ರಾಂಟನ ಕಾಲೆಲ್ಲ ಕಂದಿಹೋಗಿತ್ತು, ತನ್ನ ಬೆನ್ನಿಗೂ ಸೂಜಿ ಹಾಕಿಸಿಕೊಂಡಿದ್ದ ಬಿಯರ್ ದಿನಗಟ್ಟಲೆ ತಲೆನೋವಿನಿಂದ ಹಾಸಿಗೆ ಹಿಡಿದ.

ಮುಂದೆ ಕೊಕೇನಿನ ಜಾಗಕ್ಕೆ ಪ್ರೊಕೇನ್, ಲಿಗ್ನೊಕೇನ್, ಬುಪಿವಕೇನ್ ಬಂದವು. 1970ರ ದಶಕದಲ್ಲಿ ಮಂಡಿ ಬದಲಾವಣೆ ಈಗಿನ ರೂಪಕ್ಕೆ ಬಂತು. ಆಮೇಲಿನ ನೋವಿಗೆ ಮಾರ್ಫಿನ್ ಕೊಟ್ಟರೆ ವಾಂತಿ, ಮಂಪರು. ತೊಡೆಸಂದಿಯ ದೊಡ್ಡ ನರಕ್ಕೆ ಬ್ಲಾಕ್ ಕೊಟ್ಟರೆ ನೋವೇನೋ ಹೋಗುತ್ತಿತ್ತು, ಜೊತೆಗೆ ತೊಡೆಯ ಸ್ನಾಯುವೂ ಸೋಲುತ್ತಿತ್ತು. ಎದ್ದು ನಿಂತ ರೋಗಿ ದೊಪ್ಪನೆ ಬೀಳುವ ಭಯ. 1990ರ ದಶಕದಲ್ಲಿ ಅದೇ ವಿಯೆನ್ನಾದ ವೈದ್ಯರು ಅಲ್ಟ್ರಾಸೌಂಡಿನಲ್ಲಿ ನರವನ್ನು ನೋಡಿಕೊಂಡೇ ಸೂಜಿ ಹಾಕುವುದನ್ನು ತೋರಿಸಿಕೊಟ್ಟರು. 2010ರ ನಂತರ ಡೆನ್ಮಾರ್ಕಿನವರು ಸೂಜಿಯನ್ನು ಇನ್ನಷ್ಟು ಕೆಳಗೆ, ತೊಡೆಯ ನಡುವಿನ ಒಂದು ಓಣಿಗೆ ಇಳಿಸಿದರು. 1785ರಲ್ಲಿ ಲಂಡನ್ನಿನ ಜಾನ್ ಹಂಟರ್ ರೋಗಿಯೊಬ್ಬನ ಕಾಲು ಉಳಿಸಲು ರಕ್ತನಾಳ ಕಟ್ಟಿದ್ದು ಇದೇ ಓಣಿಯಲ್ಲಿ. ಇಲ್ಲಿ ಹಾಯುವುದು ಬಹುಪಾಲು ಸ್ಪರ್ಶದ, ನೋವಿನ ನರಗಳು. ತೊಡೆಯ ಬಲ ಹೆಚ್ಚಾಗಿ ಉಳಿಯುತ್ತದೆ. ಅತ್ತೆ ನಡೆದದ್ದು ಹೀಗೆ.

ಮಂಡಿಯ ಹಿಂಬದಿಯ ನೋವಿಗೆ ಇದು ಸಾಲದು, ಅದಕ್ಕೆ ಬೇರೆ ಸೂಜಿ. ಇನ್ನೊಂದು, ಒಮ್ಮೆ ಕೊಟ್ಟ ಬ್ಲಾಕ್ ಸುಮಾರು ಒಂದು ದಿನದೊಳಗೆ ಇಳಿಯುತ್ತದೆ. ಇಳಿಯುವ ಮೊದಲೇ ಮಾತ್ರೆ ನುಂಗಬೇಕು. ಅತ್ತೆ "ನೋವಿಲ್ಲದೆ ಮಾತ್ರೆ ಎಂತಕ್ಕೆ" ಎಂದು ತಲೆದಿಂಬಿನ ಕೆಳಗಿಟ್ಟಿದ್ದರು. ಎರಡನೇ ರಾತ್ರಿ ಮೂರು ಗಂಟೆಗೆ ಇಡೀ ವಾರ್ಡನ್ನು ಎಬ್ಬಿಸಿದರು. ಮನೆಗೆ ಬಂದ ಮೇಲೆ ಹೀಗಾಗಿದ್ದರೆ? ದೊಡ್ಡಾಸ್ಪತ್ರೆಗೆ ಜಿಲ್ಲೆಯನ್ನೇ ದಾಟಬೇಕಾದ ಊರು ನಮ್ಮದು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2019ರಲ್ಲಿ, ಮತ್ತೆ 2022ರಲ್ಲಿ ಟ್ವೀಟ್ ಮಾಡಿದವರಲ್ಲಿ ನಾನೂ ಒಬ್ಬ.

ಅತ್ತೆ ಊರಿಗೆ ಮರಳಿದ ವಾರ, ಸೊಟ್ಟಗಾಲಿನ ಪಕ್ಕದ್ಮನೆ ಅಮ್ಮಮ್ಮ ಜಗುಲಿಗೆ ಬಂದು ಮೆಲ್ಲಗೆ ಕೇಳಿದರು, "ರಾಶಿ ನೋವಾತನೇ?"

"ಮೊದ್ಲ ರಾತ್ರಿ ಇಲ್ಲೆ. ಎರಡ್ನೇ ರಾತ್ರಿದು ಕೇಳಡ. ಮಾತ್ರೆ ಮಾತ್ರ ಬಿಡಡ," ಅಂದ ಅತ್ತೆ ಫೈಲಿನಿಂದ ಡಾಕ್ಟರ ನಂಬರ್ ಹುಡುಕತೊಡಗಿದರು.